ಬಂಡಿ, ತೇರು, ಮೋಟಾರು

‘ಕಾರು’ ಎಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವುದು ಮೋಟಾರು ವಾಹನ. ಆದರೆ ಈ ಇಂಗ್ಲಿಷ್ ಮಾತು ಮೋಟಾರಿಗಿಂತ ಬಹಳ ಹಳೆಯದು. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಬರವಣಿಗೆಗಳು ನಮ್ಮ ದೇವಸ್ಥಾನಗಳ ತೇರನ್ನು ‘ಕಾರ್’ ಎಂದೇ ಕರೆಯುತ್ತವೆ. ತೇರುಬೀದಿಯನ್ನು ‘ಕಾರ್ ಸ್ಟ್ರೀಟ್’ ಎನ್ನುತ್ತವೆ. ಮಂಗಳೂರಿನಲ್ಲಿ ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ಪುರಿಯ ಜಗನ್ನಾಥನ ತೇರನ್ನು ಕಂಡು ಬೆರಗಾದ ಪರದೇಶಿಗಳ ಬಾಯಲ್ಲಿ ‘ಜಗನ್ನಾಥ’ ಎಂಬ ಹೆಸರು ‘ಜಗರ್‌ನಾಟ್’ ಆಗಿ, ಇಂಗ್ಲೆಂಡಿನಲ್ಲಿ ಅದು ಭಾರಿ ಲಾರಿಗೆ ಸಲ್ಲುವ ಮಾತಾಗಿದೆ. ಹೀಗೆ ತೇರನ್ನೂ ಮೋಟಾರನ್ನೂ ಭಾಷೆಯೇ ಒಂದು ನೊಗಕ್ಕೆ ಕಟ್ಟಿರುವುದರಿಂದ, ನಾನೂ ಅವೆರಡನ್ನು ಜೊತೆಯಲ್ಲಿಟ್ಟುಕೊಂಡು ಒಂದು ಪ್ರಶ್ನೆಯನ್ನು ವಿಚಾರಿಸಬೇಕೆಂದಿದ್ದೇನೆ. ಒಂದು ವಾಹನದ ರೂಪ ಜನರ ಮನಸ್ಸಿಗೆ ಹಿಡಿಸುವುದು ಏಕೆ? ಮತ್ತೊಂದರದು ಹಿಡಿಸದೆ ಹೋಗುವುದು ಏಕೆ?

ನಾನು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಸಾಹಿತ್ಯವನ್ನು ಪಾಠ ಹೇಳಿದವನು. ಯಂತ್ರಶಾಸ್ತ್ರ ನನ್ನ ವಿಷಯವಲ್ಲ. ಆದರೆ ರೂಪವನ್ನು ಕುರಿತ ಪ್ರಶ್ನೆ ಎಂಜಿನಿಯರುಗಳಿಗೆ ಮಾತ್ರ ಸೇರಿದ್ದೆಂದು ಹೇಳಲಾಗದು. ಕಾವ್ಯದ ಅಂದ ಅದರ ಒಡವೆಯಲ್ಲಿದೆಯೋ ಒಡಲಿನಲ್ಲಿದೆಯೋ ಎಂದು ನಮ್ಮ ಆಲಂಕಾರಿಕರು ಶತಮಾನಗಳ ಕಾಲ ಚರ್ಚಿಸಿದರು. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿದ್ದ ಕ್ಷೇಮೇಂದ್ರ ಆ ಚರ್ಚೆಗೆ ‘ಔಚಿತ್ಯ’ವೆಂಬ ಅಳತೆಗೋಲನ್ನು ಕೊಟ್ಟನು. ಒಡವೆ ತನ್ನ ಸ್ಥಾನದಲ್ಲಿದ್ದರೆ ಶೋಭೆ. ಸ್ಥಾನ ತಪ್ಪಿದರೆ ಅದೇ ಒಡವೆ ನಗೆಗೀಡು. ನಮ್ಮ ವ್ಯಾಕರಣದಲ್ಲಿ ಇದಕ್ಕೆ ಸಮೀಪವಾದ ಇನ್ನೊಂದು ವಿಚಾರವುಂಟು. ಕನ್ನಡದ ಪದವನ್ನೂ ಸಂಸ್ಕೃತದ ಪದವನ್ನೂ ಒಗ್ಗದ ರೀತಿಯಲ್ಲಿ ಬೆಸೆದಾಗ ಹುಟ್ಟುವ ಸಮಾಸವನ್ನು ‘ಅರಿಸಮಾಸ’ವೆಂದು ಕರೆದಿದ್ದಾರೆ. ಅರಿ ಎಂದರೆ ಹಗೆ. ಎರಡು ಪದಗಳೂ ತಮ್ಮಷ್ಟಕ್ಕೆ ಒಳ್ಳೆಯವೇ. ಅವುಗಳ ಕೂಡಿಕೆಯಲ್ಲಿ ಹಗೆತನವಿದೆ. ರೂಢಿಯ ಬಲದಿಂದ ಒಪ್ಪಿತವಾದ ಅರಿಸಮಾಸಗಳೂ ಇವೆಯೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ವಾಹನಗಳ ರೂಪವನ್ನು ನೋಡುವಾಗ ಈ ಎರಡು ಮಾತುಗಳು ನನಗೆ ಬಹಳ ಉಪಯೋಗಕ್ಕೆ ಬಂದಿವೆ.

ಇವುಗಳನ್ನು ಹಿಡಿದು ನೋಡುವುದಕ್ಕೆ ಹೊಸಪೇಟೆಯ ಸುತ್ತಣ ಸೀಮೆ ತಕ್ಕ ನೆಲ. ಒಂದು ಕಡೆ ಹಂಪಿಯ ತೇರುಬೀದಿಗಳು. ಇನ್ನೊಂದು ಕಡೆ ಕಂಪ್ಲಿಯ ಗದ್ದೆ, ಕಬ್ಬಿನ ತೋಟ, ಹೊಳೆ. ದಕ್ಷಿಣಕ್ಕೆ ಸಂಡೂರಿನ ಅದಿರಿನ ಬೆಟ್ಟಗಳು. ನಡುವೆ ಎಲ್ಲ ದಾರಿಗಳೂ ಕೂಡುವ ಹೊಸಪೇಟೆ. ಮನುಷ್ಯ ಹೊತ್ತು ಸಾಗಿಸುವುದಕ್ಕೆ ಏನೇನು ಮಾಡಿಕೊಂಡನೋ ಅದರ ಬಹುಪಾಲನ್ನು ಇಲ್ಲಿ ಒಂದು ದಿನದ ತಿರುಗಾಟದಲ್ಲಿ ಕಾಣಬಹುದು.

ಮೊದಲು ಬಂಡಿಯನ್ನು ನೋಡೋಣ. ನಮ್ಮ ಕಡೆಯ ಎತ್ತಿನ ಬಂಡಿಯ ಗಾಲಿ ಎತ್ತರವಾದದ್ದು. ಇದು ಅಂದಕ್ಕಾಗಿ ಹುಟ್ಟಿದ ಎತ್ತರವಲ್ಲ. ಎರೆಭೂಮಿಯಲ್ಲಿ ಮಳೆ ಬಿದ್ದಾಗ ಚಿಕ್ಕ ಗಾಲಿ ಹೂತು ನಿಲ್ಲುತ್ತದೆ. ದೊಡ್ಡದು ತಗ್ಗನ್ನು ದಾಟಿಕೊಂಡು ಉರುಳುತ್ತದೆ. ಗಾಲಿಯ ನಡುವೆ ಗುಂಬ, ಗುಂಬದಿಂದ ಹೊರಟ ಅರೆಕಾಲುಗಳು, ಅವುಗಳನ್ನು ಬಿಗಿಯುವ ಮರದ ಸುತ್ತು, ಅದರ ಮೇಲೆ ಕಬ್ಬಿಣದ ಹಳಿ. ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಗಾಲಿಯ ಮೇಲೆ ಕೂರಿಸಿ, ಒಡನೆಯೇ ನೀರು ಸುರಿಯುತ್ತಾರೆ. ಕಬ್ಬಿಣ ಕುಗ್ಗಿ ಇಡೀ ಗಾಲಿಯನ್ನು ಹಿಡಿದು ಬಿಗಿಯುತ್ತದೆ. ಬಡಗಿಯ ವಿದ್ಯೆಯೂ ಕಮ್ಮಾರನ ವಿದ್ಯೆಯೂ ಅಲ್ಲಿ ಒಂದಾಗುತ್ತವೆ. ಇದು ಒಳ್ಳೆಯ ಸಮಾಸ.

ಬಂಡಿಯಲ್ಲಿ ಹೊರೆ ಹೇರುವವರು ‘ಮುಂಭಾರ’, ‘ಹಿಂಭಾರ’ ಎಂಬ ಎರಡು ಮಾತುಗಳನ್ನು ಬಳಸುತ್ತಾರೆ. ಅಚ್ಚಿನ ಮುಂದಕ್ಕೆ ಹೊರೆ ಹೆಚ್ಚಾದರೆ ನೊಗ ಎತ್ತಿನ ಕತ್ತನ್ನು ಒತ್ತುತ್ತದೆ. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೆದ್ದು ಕೊರಳಪಟ್ಟಿ ಬಿಗಿಯುತ್ತದೆ. ಬಂಡಿಯ ಉದ್ದ, ಅಚ್ಚಿನ ಸ್ಥಾನ, ಮೂಕಿಯ ಬಾಗು ಎಲ್ಲವೂ ಈ ತೂಗಾಟಕ್ಕೆ ಹೊಂದಿಕೊಂಡು ನಿಂತಿವೆ. ಕಂಪ್ಲಿಯ ಕಡೆಯಿಂದ ಭತ್ತ, ಕಬ್ಬು ಹೇರುವ ಬಂಡಿಗೂ, ಮದುವೆಗೋ ಜಾತ್ರೆಗೋ ಹೊರಟ ಸವಾರಿ ಬಂಡಿಗೂ ಮೈಕಟ್ಟು ಬೇರೆ. ಒಂದರಲ್ಲಿ ಗಟ್ಟಿತನ, ಇನ್ನೊಂದರಲ್ಲಿ ಹಗುರು. ಮಾಡಿದ ಬಡಗಿ ಬಳಸುವವನ ಊರಿನವನೇ ಆಗಿದ್ದನೆಂಬುದು ಇಲ್ಲಿ ಮುಖ್ಯವಾದ ಸಂಗತಿ. ಗಾಲಿ ಸಡಿಲವಾದರೆ ಬಂಡಿ ಅವನ ಬಾಗಿಲಿಗೇ ಬಂದು ನಿಲ್ಲುತ್ತಿತ್ತು. ಹೀಗೆ ತಲೆತಲಾಂತರಗಳ ದೂರು ಮತ್ತು ತಿದ್ದುಪಡಿಗಳಿಂದ ಬಂಡಿಯ ರೂಪ ಸಿದ್ಧವಾಯಿತು.

ನೆಲದ ಮೇಲೆ ಬಂಡಿಯಂತೆ ತುಂಗಭದ್ರೆಯ ಮೇಲೆ ಹರಿಗೋಲು. ಕೃಷ್ಣದೇವರಾಯನ ಕಾಲದಲ್ಲಿ, 1520ರ ಸುಮಾರಿಗೆ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅದನ್ನು ವರ್ಣಿಸಿದ್ದಾನೆ. ಬುಟ್ಟಿಯಂತೆ ದುಂಡಾದ ದೋಣಿ, ಒಳಗೆ ಬಿದಿರಿನ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂರಬಹುದಾದಷ್ಟು ಅಗಲ. ಅದು ನೇರವಾಗಿ ಹೋಗದೆ ಸುತ್ತುತ್ತ ಸಾಗುವುದನ್ನೂ ಅವನು ಗಮನಿಸಿದ್ದಾನೆ. ಕಡಲಿನ ಹಡಗನ್ನು ಬಲ್ಲ ಅವನ ಕಣ್ಣಿಗೆ ಈ ಸುತ್ತಾಟ ವಿಚಿತ್ರವಾಗಿ ಕಂಡಿದ್ದರೆ ಸಹಜ. ಆದರೆ ಆನೆಗೊಂದಿಯ ಬಳಿಯ ಹೊಳೆಯನ್ನು ನೋಡಿದವರಿಗೆ ಕಾರಣ ತಿಳಿಯುತ್ತದೆ. ಅಲ್ಲಿ ನೀರಿನೊಳಗೆಲ್ಲ ಬಂಡೆ. ಚೂಪು ಮೂತಿಯ, ಆಳ ತಳದ ದೋಣಿ ಅಲ್ಲಿ ಒಡೆಯುತ್ತದೆ. ಹರಿಗೋಲಿಗೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಬಂಡೆಗೆ ತಾಗಿದರೆ ತಿರುಗಿಕೊಂಡು ಜಾರುತ್ತದೆ. ದಡ ಸೇರಿದ ಮೇಲೆ ಅದನ್ನು ಬೆನ್ನ ಮೇಲೆ ಹೊತ್ತು ಒಯ್ಯಬಹುದು. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದರೂ ಐದುನೂರು ವರ್ಷಗಳಲ್ಲಿ ಅದರ ಆಕಾರ ಬದಲಾಗಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ, ಕೆಲಸಕ್ಕೆ ತಕ್ಕ ರೂಪವೇ ಒಳ್ಳೆಯ ರೂಪ, ಉಳಿದದ್ದೆಲ್ಲ ವ್ಯರ್ಥ ಅಲಂಕಾರ ಎಂಬ ತೀರ್ಮಾನಕ್ಕೆ ಬರಬಹುದು. ಯಂತ್ರಯುಗದ ಎಷ್ಟೋ ಪಂಡಿತರು ಹಾಗೆ ತೀರ್ಮಾನಿಸಿದ್ದೂ ಉಂಟು. ಆದರೆ ಹಂಪಿಯ ತೇರು ಆ ತೀರ್ಮಾನವನ್ನು ಒಪ್ಪುವುದಿಲ್ಲ.

ತೇರು ವಾಹನವೇ ಸರಿ. ಅದಕ್ಕೂ ಗಾಲಿಯುಂಟು, ಅಚ್ಚುಂಟು. ಸಾಗಾಟದ ದೃಷ್ಟಿಯಿಂದ ಮಾತ್ರ ನೋಡಿದರೆ ಅದರಷ್ಟು ಅಸಮರ್ಥವಾದ ವಾಹನ ಇನ್ನೊಂದಿಲ್ಲ. ಚೈತ್ರಮಾಸದಲ್ಲಿ ವಿರೂಪಾಕ್ಷನ ತೇರು ಸಾಗುವುದು ಬೀದಿಯ ಒಂದು ಕೊನೆಯಿಂದ ಇನ್ನೊಂದು ಕೊನೆಗೆ, ಮತ್ತೆ ಹಿಂದಕ್ಕೆ. ಅದನ್ನು ತಿರುಗಿಸುವುದು ಬಹಳ ಕಷ್ಟ; ಗಾಲಿಯ ಕೆಳಗೆ ಮರದ ದಿಮ್ಮಿ ಕೊಟ್ಟು ದಿಕ್ಕನ್ನು ಅಷ್ಟಿಷ್ಟು ಸರಿಪಡಿಸಬೇಕು, ನಿಲ್ಲಿಸುವುದಕ್ಕೂ ದಿಮ್ಮಿಯೇ ಗತಿ. ಆದುದರಿಂದಲೇ ಹಂಪಿಯ ತೇರುಬೀದಿಗಳು ಬಾಣದಂತೆ ನೇರವಾಗಿವೆ. ವಿಠ್ಠಲ ದೇವಾಲಯದ ಮುಂದಣ ಬೀದಿಯಂತೂ ಒಂದು ಕಿಲೋಮೀಟರಿಗೆ ಸಮೀಪವಾದ ಉದ್ದದ್ದು. ವಾಹನ ದಾರಿಗೆ ಹೊಂದಿಕೊಳ್ಳುವುದು ಲೋಕದ ರೂಢಿ. ಇಲ್ಲಿ ವಾಹನಕ್ಕಾಗಿ ಊರನ್ನೇ ಅಳೆದು ಕಟ್ಟಿದರು.

ಹಾಗಾದರೆ ತೇರಿನ ಕೆಲಸವೇನು? ಕಾಣಿಸಿಕೊಳ್ಳುವುದು. ಗರ್ಭಗುಡಿಯ ಒಳಗಿನ ದೇವರು ಎಲ್ಲರ ಕಣ್ಣಿಗೂ ಬೀಳುವಂತೆ ಬೀದಿಗೆ ಬರುವುದು. ಅದರ ನಿಧಾನವೇ ಅದರ ಗುಣ. ವೇಗವಾಗಿ ಹೋದರೆ ದರ್ಶನ ತಪ್ಪುತ್ತದೆ. ಕೆಳಗೆ ನಾವು ಗಡ್ಡೆ ಎನ್ನುವ ಭಾರವಾದ ಮರದ ಕೆತ್ತನೆಯ ಭಾಗ, ಮೇಲೆ ಬಿದಿರು ಬಟ್ಟೆಗಳ ಹಗುರವಾದ ಗೋಪುರ, ತುದಿಯಲ್ಲಿ ಕಳಸ. ತೂಕವೆಲ್ಲ ಕೆಳಗಿರುವುದರಿಂದ ಅಷ್ಟು ಎತ್ತರವಿದ್ದರೂ ತೇರು ಸುಲಭವಾಗಿ ಮಗುಚದು. ಬಣ್ಣ, ಬಾವುಟ, ಹೂವಿನ ಹಾರಗಳು ಇಲ್ಲಿ ಮೇಲೆ ಅಂಟಿಸಿದ ಒಡವೆಗಳಲ್ಲ. ಅವೇ ಅದರ ಕೆಲಸ. ಮಿಣಿ ಹಿಡಿದು ಎಳೆಯುವವರು, ಉತ್ತತ್ತಿ ಬಾಳೆಹಣ್ಣು ಎಸೆಯುವವರು ಎಲ್ಲರೂ ಸೇರಿದಾಗಲೇ ಅದು ತೇರು.

ಹಾಗೆಂದಮೇಲೆ ವಾಹನಕ್ಕೆ ಎರಡು ಧರ್ಮಗಳು ಎಂದಾಯಿತು. ಒಂದು ಬಂಡಿಯ ಧರ್ಮ: ಹೊರುವುದು. ಇನ್ನೊಂದು ತೇರಿನ ಧರ್ಮ: ಮೆರೆಯುವುದು. ಮೆರವಣಿಗೆ ಎಂಬ ನಮ್ಮ ಮಾತಿನಲ್ಲಿ ನಡಿಗೆಯೂ ಹೊಳಪೂ ಕೂಡಿಕೊಂಡಿವೆ.

ಈ ಎರಡನೆಯ ಧರ್ಮ ತನ್ನ ತುತ್ತತುದಿ ಮುಟ್ಟಿದ್ದನ್ನು ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಹದಿನಾರನೆಯ ಶತಮಾನದ ಕಲ್ಲಿನ ತೇರಿನಲ್ಲಿ ಕಾಣುತ್ತೇವೆ. ಅದು ವಾಸ್ತವವಾಗಿ ವಿಷ್ಣುವಿನ ವಾಹನವಾದ ಗರುಡನ ಗುಡಿ. ಒಂದೇ ಬಂಡೆಯದೆಂದು ತೋರಿದರೂ ಹಲವು ಕಲ್ಲುಗಳನ್ನು ಸಂದು ಕಾಣದಂತೆ ಜೋಡಿಸಿ ಕಟ್ಟಿದ್ದಾರೆ. ಗಾಲಿಗಳು ಅಚ್ಚಿನ ಸುತ್ತ ತಿರುಗುವಂತೆ ಮಾಡಲ್ಪಟ್ಟಿದ್ದವು. ಸವೆತವನ್ನು ತಪ್ಪಿಸುವುದಕ್ಕಾಗಿ ಅವುಗಳನ್ನು ನಂತರದ ಕಾಲದಲ್ಲಿ ಸಿಮೆಂಟಿನಿಂದ ನಿಲ್ಲಿಸಲಾಯಿತು. ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ 1856ರಲ್ಲಿ ತೆಗೆದ ಛಾಯಾಚಿತ್ರದಲ್ಲಿ ಈ ತೇರಿನ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ. 2017ರಲ್ಲಿ ಬಂದ ಐವತ್ತು ರೂಪಾಯಿನ ನೋಟಿನ ಹಿಂಬದಿಯಲ್ಲಿ ನಾವು ನೋಡುವುದು ಶಿಖರ ಕಳೆದುಕೊಂಡ ರೂಪವನ್ನೇ.

ತೇರಿನ ಮುಂದೆ ಎರಡು ಆನೆಗಳಿವೆ. ಅವುಗಳ ಹಿಂದೆ ಬಗ್ಗಿ ನೋಡಿದರೆ ಕುದುರೆಗಳ ಹಿಂಗಾಲು, ಬಾಲಗಳ ಉಳಿಕೆ ಕಾಣುತ್ತದೆ. ಮೊದಲು ಇದ್ದದ್ದು ಕುದುರೆ. ಅವು ಹಾಳಾದ ಮೇಲೆ ಬೇರೆಡೆಯಿಂದ ಆನೆಗಳನ್ನು ತಂದು ನಿಲ್ಲಿಸಿದರು. ತೇರಿನ ಪ್ರಮಾಣಕ್ಕೆ ಆ ಆನೆಗಳು ಸಣ್ಣವು. ಕಲ್ಲಿನಲ್ಲಿ ಮಾಡಿದ ಅರಿಸಮಾಸ ಎನ್ನಬೇಕು. ಆದರೂ ನೋಡುವವರು ಅದನ್ನು ಒಪ್ಪಿಕೊಂಡಿದ್ದಾರೆ. ಇಂದು ಆ ಆನೆಗಳನ್ನು ತೆಗೆದರೆ ತೇರು ಬರಿದಾಯಿತೆಂದು ಮರುಗುವವರು ಹೆಚ್ಚು. ರೂಢಿ ಎಂಬುದು ರೂಪವನ್ನು ತೂಗುವ ತಕ್ಕಡಿಯಲ್ಲಿ ಒಂದು ದೊಡ್ಡ ತೂಕ.

ಇನ್ನು ಮೋಟಾರಿಗೆ ಬರೋಣ. ಅದಕ್ಕಾಗಿ ಸ್ವಲ್ಪ ಹೊತ್ತು ಅಮೆರಿಕಕ್ಕೆ ಹೋಗಬೇಕಾಗುತ್ತದೆ. ಏಕೆಂದರೆ ಮೋಟಾರು ಬಂಡಿಯಾಗಿ ಹುಟ್ಟಿ ತೇರಾಗಿ ಮಾರ್ಪಟ್ಟದ್ದು ಅಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ. ಹೆನ್ರಿ ಫೋರ್ಡನ ‘ಮಾಡೆಲ್ ಟಿ’ 1908ರಿಂದ 1927ರವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ತಯಾರಾಯಿತು. ಎತ್ತರವಾದ ಗಾಲಿ, ಕೆಸರು ದಾರಿಗೆ ಒಗ್ಗಿದ ಮೈ, ರೈತನೇ ರಿಪೇರಿ ಮಾಡಿಕೊಳ್ಳಬಹುದಾದ ಯಂತ್ರ. ಹಲವು ವರ್ಷ ಒಂದೇ ಕರಿಯ ಬಣ್ಣ. ಅದು ಅಪ್ಪಟ ಬಂಡಿ. ಆದರೆ ಎಲ್ಲರ ಮನೆಯಲ್ಲಿಯೂ ಬಂಡಿಯಾದ ಮೇಲೆ ಜನರಿಗೆ ತೇರು ಬೇಕೆನಿಸಿತು. ಇದನ್ನು ಅರಿತ ಜನರಲ್ ಮೋಟಾರ್ಸ್ ಸಂಸ್ಥೆ 1927ರಲ್ಲಿ ಹಾರ್ಲಿ ಅರ್ಲ್ ಎಂಬಾತನ ಮುಂದಾಳುತನದಲ್ಲಿ ರೂಪ ಮತ್ತು ಬಣ್ಣಗಳಿಗಾಗಿಯೇ ಒಂದು ವಿಭಾಗವನ್ನು ತೆರೆಯಿತು. ಯುದ್ಧವಿಮಾನದ ಬಾಲವನ್ನು ಕಂಡು ಅವನ ಬಳಗ 1948ರ ಕ್ಯಾಡಿಲಾಕ್ ಕಾರಿಗೆ ಹಿಂಬದಿಯಲ್ಲಿ ಪುಟ್ಟ ರೆಕ್ಕೆಗಳನ್ನು ಕೂರಿಸಿತು. ಅವು ಬೆಳೆಬೆಳೆದು 1959ರ ಹೊತ್ತಿಗೆ ಕತ್ತಿಯಂತೆ ಮೇಲೆದ್ದು ನಿಂತವು. ನೆಲದ ಮೇಲೆ ಓಡುವ ಗಾಡಿಗೆ ಆ ರೆಕ್ಕೆಗಳಿಂದ ಏನೂ ಪ್ರಯೋಜನವಿರಲಿಲ್ಲ.

ಹಾಗಾದರೆ ಅಲಂಕಾರ ಹೆಚ್ಚಿದಷ್ಟೂ ಜಯವೇ? ಇಲ್ಲ. ಫೋರ್ಡ್ ಸಂಸ್ಥೆ 1957ರ ಸೆಪ್ಟೆಂಬರಿನಲ್ಲಿ ‘ಎಡ್ಸೆಲ್’ ಎಂಬ ಕಾರನ್ನು ಭಾರಿ ಪ್ರಚಾರದೊಡನೆ ಹೊರತಂದಿತು. ಅದಕ್ಕೆ ಹೆಸರು ಹುಡುಕುವಾಗ ಮೇರಿಯಾನ್ ಮೂರ್ ಎಂಬ ಪ್ರಸಿದ್ಧ ಕವಯಿತ್ರಿಯನ್ನು ಕೇಳಿದ್ದರೆಂಬುದು ಸಾಹಿತ್ಯಾಸಕ್ತರಿಗೆ ಸ್ವಾರಸ್ಯವಾಗಿ ತೋರಬಹುದು. ಆಕೆ ಸೂಚಿಸಿದ ಹೆಸರುಗಳಲ್ಲಿ ‘ಯುಟೋಪಿಯನ್ ಟರ್ಟಲ್‌ಟಾಪ್’ ಎಂಬುದೂ ಒಂದು. ಕೊನೆಗೆ ಅವಾವುವನ್ನೂ ಒಪ್ಪದೆ ಹೆನ್ರಿ ಫೋರ್ಡನ ಮಗನ ಹೆಸರನ್ನಿಟ್ಟರು. ಎಲ್ಲ ಕಾರುಗಳ ಮುಖವೂ ಅಡ್ಡವಾಗಿ ಹರಡಿಕೊಂಡಿದ್ದಾಗ ಎಡ್ಸೆಲ್‌ನ ಮುಖದ ನಡುವೆ ಉದ್ದುದ್ದವಾದ ಒಂದು ಜಾಲರಿ ಇತ್ತು. ಕುದುರೆಯ ಕೊರಳಪಟ್ಟಿಯಂತಿದೆ ಎಂದು ಜನ ನಕ್ಕರು. ಒಳಗಿನ ಯಂತ್ರ ಸಂಸ್ಥೆಯ ಇತರ ಕಾರುಗಳದಕ್ಕಿಂತ ತೀರ ಬೇರೆಯಾದದ್ದೇನೂ ಆಗಿರಲಿಲ್ಲ. ತಯಾರಿಕೆಯಲ್ಲಿ ದೋಷಗಳೂ ಇದ್ದವು. 1959ರ ನವೆಂಬರಿನಲ್ಲಿ ಅದು ನಿಂತುಹೋಯಿತು. ತೇರೆಂದು ಡಂಗುರ ಹೊಯ್ದು ಬಂಡಿಯನ್ನು ತಂದು ನಿಲ್ಲಿಸಿದಂತಾಗಿತ್ತು.

ಇದಕ್ಕೆ ವಿರುದ್ಧವಾದ ಸೋಲೂ ಉಂಟು. ಕ್ರೈಸ್ಲರ್ ಸಂಸ್ಥೆಯ ‘ಏರ್‌ಫ್ಲೋ’ 1934ರಲ್ಲಿ ಬಂದಿತು. ಗಾಳಿಯನ್ನು ಸೀಳಿಕೊಂಡು ಹೋಗುವಂತೆ ಮೈಯನ್ನು ಪರೀಕ್ಷೆ ಮಾಡಿ ರೂಪಿಸಿದ್ದರು. ಕೂರುವವರ ಸ್ಥಾನವನ್ನು ಎರಡು ಅಚ್ಚುಗಳ ನಡುವೆ ತಂದು ಕುಲುಕಾಟವನ್ನು ತಗ್ಗಿಸಿದ್ದರು. ಶಾಸ್ತ್ರದ ದೃಷ್ಟಿಯಿಂದ ಅದು ತನ್ನ ಕಾಲಕ್ಕಿಂತ ಮುಂದಿತ್ತು. ಆದರೆ ಅದರ ಬೋಳು ಮೂತಿ ಜನರ ಕಣ್ಣಿಗೆ ಒಗ್ಗಲಿಲ್ಲ. 1937ಕ್ಕೆ ಅದರ ಕಥೆ ಮುಗಿಯಿತು. ಹೊಸ ರೂಪ ಎಷ್ಟೇ ಸರಿಯಾಗಿದ್ದರೂ ನೋಡುವವನ ಕಣ್ಣು ಅಲ್ಲಿಯವರೆಗೆ ನಡೆದು ಬರಲು ಒಂದು ಸೇತುವೆ ಬೇಕು. ಬಿ.ಎಂ.ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಹೊಸ ಛಂದಸ್ಸುಗಳನ್ನು ತಂದರೂ, ಅವು ಕನ್ನಡದ ಕಿವಿಗೆ ಪರಕೀಯವಾಗದಂತೆ ಮಾತ್ರೆಗಳ ನಡಿಗೆಯನ್ನು ಉಳಿಸಿಕೊಂಡರು. ಹೊಸತನ ಗೆದ್ದದ್ದು ಆ ಎಚ್ಚರದಿಂದ.

ಈಗ ಮರಳಿ ನಮ್ಮ ದಾರಿಗಳಿಗೆ ಬರೋಣ. ತುಂಗಭದ್ರಾ ಅಣೆಕಟ್ಟಿಗೆ 1945ರಲ್ಲಿ ಶಂಕುಸ್ಥಾಪನೆಯಾಗಿ, 1953ರಲ್ಲಿ ಕಾಲುವೆಗಳಿಗೆ ನೀರು ಹರಿಯುವ ಹೊತ್ತಿಗೆ ಹೊಸಪೇಟೆ ಮೋಟಾರುಗಳ ಊರಾಗತೊಡಗಿತ್ತು. ಆ ಬಳಿಕ ಕೆಲವೇ ವರ್ಷಗಳಲ್ಲಿ ಬಂದದ್ದು ಅಂಬಾಸಿಡರ್. ಇಂಗ್ಲೆಂಡಿನ ‘ಮಾರಿಸ್ ಆಕ್ಸ್‌ಫರ್ಡ್’ ಕಾರಿನ ಮೂರನೆಯ ಶ್ರೇಣಿಯೇ ಅದರ ಮೂಲ. ಬಂಗಾಳದ ಉತ್ತರಪಾಡಾದಲ್ಲಿ ಹಿಂದೂಸ್ತಾನ್ ಮೋಟಾರ್ಸ್ ಅದನ್ನು 1950ರ ದಶಕದ ಕೊನೆಯಿಂದ 2014ರ ಮೇ ತಿಂಗಳವರೆಗೆ, ಮೈಯ ರೂಪುರೇಖೆಯನ್ನು ಹೆಚ್ಚು ಬದಲಿಸದೆ ತಯಾರಿಸಿತು. ಇದಕ್ಕೆ ಒಂದು ಕಾರಣ ಗುಟ್ಟಿನದೇನಲ್ಲ. ಪರವಾನಗಿಯ ಕಾಲದಲ್ಲಿ ಕೊಳ್ಳುವವನಿಗೆ ಬೇರೆ ಆಯ್ಕೆಯೇ ಕಡಮೆ. ಸರದಿಯಲ್ಲಿ ವರ್ಷಗಟ್ಟಲೆ ಕಾಯಬೇಕಾಗಿತ್ತು. ಸ್ಪರ್ಧೆಯಿಲ್ಲದ ಗೆಲವನ್ನು ಗೆಲವೆಂದು ಕರೆಯಲು ಸಂಕೋಚವಾಗುತ್ತದೆ.

ಆದರೆ ಸ್ಪರ್ಧೆ ಬಂದ ಮೇಲೂ ಅದು ಮೂವತ್ತು ವರ್ಷ ಬಾಳಿತಲ್ಲ, ಅದನ್ನು ವಿವರಿಸಬೇಡವೆ? ನನ್ನ ಪ್ರಾಯದ ಕಾಲದಲ್ಲಿ ಹೊಸಪೇಟೆಯಿಂದ ಕಂಪ್ಲಿಗೋ ಸಂಡೂರಿಗೋ ಹೊರಟ ಬಾಡಿಗೆ ಅಂಬಾಸಿಡರುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ, ಅವುಗಳಲ್ಲಿ ಇಕ್ಕಟ್ಟಾಗಿ ಕುಳಿತು ಹೋಗಿಯೂ ಇದ್ದೇನೆ. ಮುಂದಿನ ಆಸನ ಬೆಂಚಿನಂತೆ ಅಡ್ಡಲಾಗಿತ್ತು. ಗೇರಿನ ಹಿಡಿ ಸ್ಟಿಯರಿಂಗಿನ ಪಕ್ಕದಲ್ಲಿದ್ದುದರಿಂದ ಚಾಲಕನೊಡನೆ ಇನ್ನಿಬ್ಬರು ಕೂರುವುದು ಸಾಧ್ಯವಿತ್ತು. ರುಮಾಲು ಸುತ್ತಿದವನ ತಲೆಗೂ, ತಲೆತುಂಬ ಹೂ ಮುಡಿದ ಮದುಮಗಳಿಗೂ ಚಾವಣಿ ತಾಗುತ್ತಿರಲಿಲ್ಲ. ಸೀರೆಯುಟ್ಟ ವೃದ್ಧೆ ಬಾಗಿ ಮುದುಡಿಕೊಳ್ಳದೆ ಹತ್ತಬಹುದಾಗಿತ್ತು. ಹೊಟ್ಟೆ ನೆಲದಿಂದ ಎತ್ತರದಲ್ಲಿದ್ದುದರಿಂದ ಸಂಡೂರಿನ ಕಲ್ಲುದಾರಿಗೆ ಅದು ಅಂಜುತ್ತಿರಲಿಲ್ಲ. ದಪ್ಪ ತಗಡು ಜಜ್ಜಿದರೆ ಬೀದಿಯ ಕಮ್ಮಾರನೇ ಬಡಿದು ಸರಿಮಾಡುತ್ತಿದ್ದನು. ಇದೆಲ್ಲ ಬಂಡಿಯ ಧರ್ಮ. ಅದರ ಉಬ್ಬಿದ ಹಣೆ, ದುಂಡು ಹೆಗಲು, ಗಂಭೀರವಾದ ನಿಲುವು ತೇರಿನ ಧರ್ಮಕ್ಕೂ ಸಾಲುತ್ತಿದ್ದವು. ಅಧಿಕಾರಿ ಇಳಿದರೂ ಒಪ್ಪುತ್ತಿತ್ತು. ಮದುವೆಗೆ ಹೂ ಸುತ್ತಿದರೂ ಒಪ್ಪುತ್ತಿತ್ತು. ಬೇರೆ ದೇಶದ ರೂಪವಾದರೂ ನಮ್ಮ ಬಾಳಿನೊಡನೆ ಅದು ಅರಿಸಮಾಸವಾಗಲಿಲ್ಲ.

ನಮ್ಮ ನಾಡಿನಲ್ಲಿಯೇ ಹುಟ್ಟಿದ ಕಾರುಗಳ ಕಥೆ ಹೀಗೆ ಸುಖಾಂತವಲ್ಲ. ಬೆಂಗಳೂರಿನಲ್ಲಿ 1970ರ ದಶಕದಲ್ಲಿ ಸನ್‌ರೈಸ್ ಆಟೋಮೋಟಿವ್ ಇಂಡಸ್ಟ್ರೀಸ್ ಎಂಬ ಸಂಸ್ಥೆ ‘ಬಾದಲ್’ ಎಂಬ ಪುಟ್ಟ ಕಾರನ್ನು ಹೊರತಂದಿತು. ಬಾದಲ್ ಎಂದರೆ ಮೋಡ. ಮುಂದೆ ಒಂದು ಗಾಲಿ, ಹಿಂದೆ ಎರಡು; ಮೈ ಫೈಬರ್‌ಗ್ಲಾಸಿನದು; ಎಂಜಿನ್ ಇನ್ನೂರು ಸಿ.ಸಿ.ಗೂ ತುಸು ಕಡಮೆ. ಮುಂದೆ ಸಿಪಾನಿ ಆಟೋಮೊಬೈಲ್ಸ್ ಎಂದು ಹೆಸರು ಪಡೆದ ಇದೇ ಸಂಸ್ಥೆ 1982ರಲ್ಲಿ ಇಂಗ್ಲೆಂಡಿನ ‘ರಿಲಯಂಟ್ ಕಿಟನ್’ ಕಾರನ್ನು ‘ಡಾಲ್ಫಿನ್’ ಎಂಬ ಹೆಸರಿನಲ್ಲಿ ತಯಾರಿಸಿತು. ಅದರ ಎಂಜಿನ್ 848 ಸಿ.ಸಿ., ಮೈ ಮತ್ತೆ ಫೈಬರ್‌ಗ್ಲಾಸ್, ಬಾಗಿಲು ಎರಡೇ. ಹಗುರವಾದ್ದರಿಂದ ಮೋಟಾರು ಪಂದ್ಯಗಳಲ್ಲಿ ಓಡಿಸುವವರು ಅದನ್ನು ಮೆಚ್ಚಿದರು. ತುಕ್ಕು ಹಿಡಿಯದ ಮೈ ಬುದ್ಧಿವಂತಿಕೆಯ ಆಯ್ಕೆಯೇ ಆಗಿತ್ತು.

ಸೋತದ್ದು ಎಲ್ಲಿ? ಮೂರು ಗಾಲಿಯ ವಾಹನವೆಂದರೆ ನಮ್ಮ ಜನಕ್ಕೆ ಆಟೋರಿಕ್ಷಾ. ಕಾರಿಗಾಗಿ ಹಣ ಕೂಡಿಸಿದವನು ನೆರೆಯವರ ಕಣ್ಣಿನಲ್ಲಿ ರಿಕ್ಷಾ ಕೊಂಡವನಾಗಲು ಇಚ್ಛಿಸುವನೆ? ಡಾಲ್ಫಿನ್ನಿಗೆ ಗಾಲಿ ನಾಲ್ಕಿದ್ದರೂ ಬಾಗಿಲು ಎರಡು. ಇಂಗ್ಲೆಂಡಿನಲ್ಲಿ ಗಂಡಹೆಂಡಿರಿಬ್ಬರ ಸಂಸಾರಕ್ಕೆ ಅದು ಸಾಕು. ನಮ್ಮಲ್ಲಿ ಹಿಂದಿನ ಆಸನವೆಂದರೆ ಅತ್ತೆಮಾವಂದಿರ ಸ್ಥಾನ. ಮುಂದಿನ ಆಸನವನ್ನು ಮಡಿಸಿ, ಹಿರಿಯರನ್ನು ಬಗ್ಗಿಸಿ ಹಿಂದಕ್ಕೆ ತೂರಿಸುವುದು ಅನುಕೂಲದ ಪ್ರಶ್ನೆ ಮಾತ್ರವಲ್ಲ, ಮರ್ಯಾದೆಯ ಪ್ರಶ್ನೆ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಿತು. ಅದೂ ಚಿಕ್ಕದೇ, ಅದೂ ಪರದೇಶದ ನಕ್ಷೆಯೇ; ಆದರೆ ಉಕ್ಕಿನ ಮೈ, ನಾಲ್ಕು ಬಾಗಿಲು. ಸಿಪಾನಿಯವರು ನಾಲ್ಕು ಬಾಗಿಲಿನ ‘ಮೊಂಟಾನಾ’ವನ್ನು ತರುವ ಹೊತ್ತಿಗೆ ಬೀದಿ ಮಾರುತಿಯದಾಗಿತ್ತು.

ಬೆಂಗಳೂರಿನದೇ ಇನ್ನೊಂದು ಸಾಹಸ ‘ರೇವಾ’. ಚೇತನ್ ಮೈನಿಯವರ ಮುಂದಾಳುತನದಲ್ಲಿ 2001ರಲ್ಲಿ ಮಾರಾಟಕ್ಕೆ ಬಂದ ಈ ವಿದ್ಯುತ್ ಕಾರು ಇಂದಿನ ವಿದ್ಯುತ್ ವಾಹನಗಳ ಭರಾಟೆಗೆ ಎಷ್ಟೋ ವರ್ಷ ಮೊದಲು ಹುಟ್ಟಿತು. ಎರಡು ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳಿಗಷ್ಟೆ ಜಾಗ. ನಮ್ಮಲ್ಲಿ ಅದನ್ನು ಆಟದ ಸಾಮಾನಿನಂತೆ ನೋಡಿದವರೇ ಹೆಚ್ಚು. ಅದೇ ಕಾರು ಲಂಡನ್ನಿನಲ್ಲಿ ‘ಜಿ-ವಿಜ್’ ಎಂಬ ಹೆಸರಿನಿಂದ ಪರಿಚಿತವಾಯಿತು. ಆ ನಗರದ ನಡುಭಾಗಕ್ಕೆ ಬರುವ ವಾಹನಗಳಿಗೆ 2003ರಲ್ಲಿ ಸುಂಕ ಹೇರಿದಾಗ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇತ್ತು. ಒಬ್ಬನೇ ಕಚೇರಿಗೆ ಹೋಗಿ ಬರುವವನಿಗೆ ಅದು ತಕ್ಕ ಬಂಡಿ. ಪರಿಸರದ ಕಾಳಜಿಯನ್ನು ತೋರಿಸಿಕೊಳ್ಳುವವನಿಗೆ ತಕ್ಕ ತೇರು. ಒಂದೇ ರೂಪ ಒಂದು ಊರಿನಲ್ಲಿ ಅನುಚಿತವಾಗಿ ಇನ್ನೊಂದರಲ್ಲಿ ಉಚಿತವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯದು.

ಇನ್ನು ನ್ಯಾನೋ. ಮಳೆಯಲ್ಲಿ ಒಂದೇ ಸ್ಕೂಟರಿನ ಮೇಲೆ ಸಾಗುತ್ತಿದ್ದ ಸಂಸಾರವನ್ನು ಕಂಡು ರತನ್ ಟಾಟಾ ಅವರಿಗೆ ಈ ಕಾರಿನ ಯೋಚನೆ ಬಂದಿತೆಂಬುದು ಪ್ರಸಿದ್ಧವಾದ ಸಂಗತಿ. 2008ರ ಜನವರಿಯಲ್ಲಿ ದೆಹಲಿಯಲ್ಲಿ ಅದನ್ನು ಪ್ರದರ್ಶಿಸಿದಾಗ ಜಗತ್ತೇ ತಿರುಗಿ ನೋಡಿತು. ನಾಲ್ಕು ಬಾಗಿಲು, ಎತ್ತರವಾದ ಚಾವಣಿ, ಮೈಗೆ ಮೀರಿದ ಒಳಜಾಗ. ಬಂಡಿಯಾಗಿ ಅದು ಬಹುಮಟ್ಟಿಗೆ ಸಮರ್ಥವೇ, ಆದರೂ ಹಿಂಬಾಗಿಲು ತೆರೆಯುವಂತಾಗಲು 2015ರವರೆಗೆ ಕಾಯಬೇಕಾಯಿತು. ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿಯೂ ಅದನ್ನು ಬಾಧಿಸಿತು. ಆದರೆ ದೊಡ್ಡ ಪೆಟ್ಟು ಕೊಟ್ಟದ್ದು ‘ಜಗತ್ತಿನಲ್ಲೇ ಅಗ್ಗದ ಕಾರು’ ಎಂಬ ಬಿರುದು. ಆ ಬಿರುದು ಕೆಡುಕು ಮಾಡಿತೆಂದು ಟಾಟಾ ಅವರೇ ಮುಂದೆ ಹೇಳಿದರು. 2018ರಲ್ಲಿ ಅದರ ತಯಾರಿಕೆ ನಿಂತಿತು.

ಇದನ್ನು ಕೊಳ್ಳುವವರ ಒಣಜಂಬವೆಂದು ಹಳಿಯುವವರನ್ನು ಕಂಡಿದ್ದೇನೆ. ನನಗೆ ಹಾಗೆನ್ನಿಸುವುದಿಲ್ಲ. ಒಂದು ಮನೆತನಕ್ಕೆ ಮೊದಲ ಕಾರು ಬಂದ ದಿನ ನಮ್ಮ ಊರುಗಳಲ್ಲಿ ಏನಾಗುತ್ತದೆಯೆಂದು ನೆನೆಸಿಕೊಳ್ಳಿ. ಅದನ್ನು ಮೊದಲು ಗುಡಿಯ ಮುಂದೆ ನಿಲ್ಲಿಸುತ್ತಾರೆ. ಅರಿಸಿನ ಕುಂಕುಮ ಹಚ್ಚಿ, ಹೂಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು ನಿಧಾನವಾಗಿ ಮುಂದಕ್ಕೆ ಉರುಳಿಸುತ್ತಾರೆ. ಓಣಿಯ ಜನ ಬಾಗಿಲಿಗೆ ಬಂದು ನೋಡುತ್ತಾರೆ. ಅದು ಆ ಮನೆಯ ತೇರು. ತಲೆಮಾರುಗಳ ಕಾಲ ಇತರರ ತೇರಿನ ಮಿಣಿ ಎಳೆದವರು, ಬೀದಿಯ ಅಂಚಿನಲ್ಲಿ ನಿಂತು ನೋಡಿದವರು ಆ ದಿನ ತಾವೇ ತೇರಿನೊಳಗೆ ಕೂರುತ್ತಾರೆ. ಅಂಥ ವಾಹನದ ಹಣೆಯ ಮೇಲೆ ‘ಇದು ಬಡವರದು’ ಎಂದು ಬರೆದು ಕೊಟ್ಟರೆ ಯಾರು ತಾನೆ ಹತ್ತುವರು? ಸ್ಕೂಟರಿನ ಮೇಲಿನ ಸಂಸಾರ ಮಳೆಯಲ್ಲಿ ನೆನೆಯುವುದನ್ನು ಕಂಡವರು, ಅದಕ್ಕೂ ತಲೆಯೆತ್ತಿ ನಿಲ್ಲುವ ಆಸೆಯಿದೆ ಎಂಬುದನ್ನು ಕಂಡಿರಲಿಲ್ಲ.

ಬಂಡಿಯ ಧರ್ಮವನ್ನು ಮರೆತರೆ ಆಗುವ ಅನ್ಯಾಯವನ್ನೂ ಹೇಳದಿದ್ದರೆ ಮಾತು ಅರ್ಧವಾದೀತು. ಸಂಡೂರಿನ ಅದಿರು ಚೀನಾಕ್ಕೆ ಹರಿದ ವರ್ಷಗಳಲ್ಲಿ, ಸುಪ್ರೀಂ ಕೋರ್ಟು 2011ರ ಜುಲೈಯಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ, ಹೊಸಪೇಟೆಯ ದಾರಿಗಳ ತುಂಬ ಲಾರಿಗಳೇ. ಅದಿರು ಬಹಳ ತೂಕದ ವಸ್ತು. ಲಾರಿಯ ತೊಟ್ಟಿ ಅರ್ಧ ಬರಿದಾಗಿ ಕಾಣುವಾಗಲೇ ಹೊರೆ ಮಿತಿ ಮುಟ್ಟಿರುತ್ತದೆ. ಕಣ್ಣಳತೆಗೆ ತುಂಬಿದರೆ ಅಚ್ಚಿಗೂ ದಾರಿಗೂ ಕೇಡು. ಆ ಲಾರಿಗಳ ಹಣೆಯ ಮೇಲೆ ದೇವರ ಹೆಸರು, ಬದಿಯಲ್ಲಿ ಹೂಬಳ್ಳಿ, ಹಿಂದೆ ತಾಯಿಯ ಆಶೀರ್ವಾದವೆಂಬ ಬರಹ. ಎಲ್ಲ ತೇರಿನ ಸೊಗಸು. ಬಹುಕಾಲ ಲಾರಿ ಸಂಸ್ಥೆಗಳು ಎಂಜಿನ್ ಕೂರಿಸಿದ ಅಡಿಕಟ್ಟನ್ನು ಮಾತ್ರ ಮಾರುತ್ತಿದ್ದವು. ಮೇಲಿನ ಮೈಯನ್ನು ಊರೂರಿನ ಕುಶಲಿಗಳು ಮರ, ತಗಡುಗಳಿಂದ ಕಟ್ಟುತ್ತಿದ್ದರು. ಬಣ್ಣಕ್ಕೆ ಕೊರತೆಯಿರಲಿಲ್ಲ. ಆದರೆ ಎಂಜಿನ್ನಿನ ಕಾವಿನ ಪಕ್ಕದಲ್ಲಿ, ಕೆಂಪು ದೂಳಿನಲ್ಲಿ ಹಗಲಿರುಳು ಕೂತ ಚಾಲಕನ ಬೆನ್ನನ್ನು ಯಾರೂ ಅಳೆಯಲಿಲ್ಲ. ಭಾರಿ ಲಾರಿಗಳ ಚಾಲಕನ ಕೋಣೆಗೆ ಹವಾನಿಯಂತ್ರಣ ಇರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2023ರ ಡಿಸೆಂಬರಿನಲ್ಲಿ. ಬಂಡಿಯ ಬಡಗಿ ಎತ್ತಿನ ಕತ್ತಿಗೆ ತೋರಿದ ಎಚ್ಚರ ಚಾಲಕನ ಮೈಗೆ ದೊರಕಲು ಇಷ್ಟು ಕಾಲ ಬೇಕಾಯಿತು.

ಹೀಗೆ ನೋಡಿದಾಗ ಮೋಟಾರು ಎಂಬುದು ಬಂಡಿ ಮತ್ತು ತೇರುಗಳ ಸಮಾಸ. ಎರಡು ಪದಗಳೂ ಅದರಲ್ಲಿ ಇರಲೇಬೇಕು. ಅವು ಪರಸ್ಪರ ಒಗ್ಗಬೇಕು. ಇಂತಿಷ್ಟು ಪಾಲು ಎಂಬ ಸೂತ್ರವನ್ನು ಯಾವ ಶಾಸ್ತ್ರವೂ ಕೊಡಲಾರದು, ಏಕೆಂದರೆ ದಾರಿ ಬದಲಾದಂತೆ, ಕೂರುವವರು ಬದಲಾದಂತೆ ಪಾಲೂ ಬದಲಾಗುತ್ತದೆ. ನಮ್ಮ ಬಡಗಿಗೆ ಅದು ತಿಳಿಯುತ್ತಿದ್ದದ್ದು ಊರಿನ ದಾರಿಯನ್ನೂ ಬಂಡಿಯ ಒಡೆಯನ ಮನೆಯನ್ನೂ ಅವನು ಬಲ್ಲವನಾಗಿದ್ದುದರಿಂದ. ಇಂದು ನಕ್ಷೆ ಬರೆಯುವವನು ಎಲ್ಲಿಯೋ ಇದ್ದಾನೆ, ಕೂರುವವನು ಇನ್ನೆಲ್ಲಿಯೋ. ಆ ದೂರವನ್ನು ಯಂತ್ರಗಳಿಂದ ತುಂಬಲಾಗದು.

ನಮ್ಮ ಸೀಮೆಯಲ್ಲಿ ಬಂಡಿಯ ಗಾಲಿ ಮಾಡಬಲ್ಲ ಬಡಗಿಗಳು ಈಗ ಬೆರಳೆಣಿಕೆಯಷ್ಟು. ಕಬ್ಬು ಟ್ರ್ಯಾಕ್ಟರಿನಲ್ಲಿ ಸಾಗುತ್ತದೆ. ಹರಿಗೋಲಿನಲ್ಲಿ ಕೂರುವವರು ಬಹುಮಟ್ಟಿಗೆ ಪ್ರವಾಸಿಗಳು. ಕಾಲದ ಈ ನಡಿಗೆಯನ್ನು ತಡೆಯಬೇಕೆಂದು ನಾನು ಹೇಳಲಾರೆ. ಆದರೆ ಹೊಸ ವಾಹನಗಳನ್ನು ರೂಪಿಸುವ ನಮ್ಮ ನಾಡಿನ ತರುಣರು ಹಂಪಿಗೆ ಬಂದಾಗ ಕಲ್ಲಿನ ತೇರಿನ ಮುಂದೆ ಚಿತ್ರ ತೆಗೆಸಿಕೊಂಡು ಹೊರಟುಬಿಡದೆ, ಒಂದು ಹೊತ್ತು ಕಂಪ್ಲಿಯ ದಾರಿಯಲ್ಲಿ ನಿಂತು, ಯಾರು ಯಾವುದರಲ್ಲಿ ಹೇಗೆ ಹತ್ತುತ್ತಾರೆ, ಹೇಗೆ ಇಳಿಯುತ್ತಾರೆ ಎಂಬುದನ್ನು ನೋಡಲಿ. ಅವರು ಮಾಡುವ ಕಾರಿನ ಬಾಗಿಲು ಎಷ್ಟು ಅಗಲವಿರಬೇಕೆಂಬುದು ಅಲ್ಲಿ ತಿಳಿಯುತ್ತದೆ.